ಓದುಗರ ಪ್ರಶ್ನೆ: ಒಂದೇ ಮಾತಿಗೆ ಒಬ್ಬರು ನಗುತ್ತಾರೆ, ಇನ್ನೊಬ್ಬರು ನೋಯುತ್ತಾರೆ, ಏಕೆ?

ಈ ತಿಂಗಳ ಅಂಕಣಕ್ಕೆ ಹಾಸ್ಯವನ್ನು ವಿಷಯವಾಗಿ ಇಟ್ಟುಕೊಂಡಾಗ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರಿಂದ ಬಂದ ಪತ್ರಗಳು ಮನಸ್ಸನ್ನು ಹೆಚ್ಚು ಹಿಡಿದವು. ಅವುಗಳಲ್ಲಿ ಆರನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಬರೆದವರ ಹೆಸರನ್ನು ಬಿಟ್ಟು ಊರನ್ನು ಮಾತ್ರ ಉಳಿಸಿದ್ದೇನೆ.

ನಮ್ಮ ತಂದೆಯವರು ಬಯಲಾಟದ ಸಾರಥಿಯ ಮಾತುಗಳನ್ನು ನೆನೆದು ಈಗಲೂ ನಗುತ್ತಾರೆ. ಮಗ ಮೊಬೈಲಿನಲ್ಲಿ ರೀಲ್ಸ್ ನೋಡಿ ನಗುತ್ತಾನೆ. ಒಬ್ಬರ ನಗೆ ಇನ್ನೊಬ್ಬರಿಗೆ ತಿಳಿಯುವುದೇ ಇಲ್ಲ. ಹೀಗೇಕೆ? (ಸಿರುಗುಪ್ಪದ ಓದುಗರು)

ನಗುವುದಕ್ಕೆ ಮೊದಲು ಮನಸ್ಸು ಏನನ್ನೋ ನಿರೀಕ್ಷಿಸಿರಬೇಕು. ಬಿಗಿಯಾಗಿ ಕಾದಿದ್ದ ನಿರೀಕ್ಷೆಯು ತಟ್ಟನೆ ಏನೂ ಅಲ್ಲದ್ದಾಗಿ ಕರಗಿಹೋದಾಗ ನಗು ಹುಟ್ಟುತ್ತದೆ ಎಂದು ಜರ್ಮನಿಯ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1790ರಲ್ಲಿ ಹೇಳಿದ. ಅನಂತರ ಬಂದ ಚಿಂತಕರು ಇದನ್ನು ಬೆಳೆಸಿ, ಒಂದಕ್ಕೊಂದು ಹೊಂದದ ಎರಡು ಅರ್ಥಗಳು ಒಂದೇ ಕ್ಷಣದಲ್ಲಿ ಹೊಳೆಯುವುದೇ ಹಾಸ್ಯದ ಬೀಜ ಎಂದರು.

ನಿಮ್ಮ ಸಿರುಗುಪ್ಪದಂತಹ ಗಡಿ ತಾಲ್ಲೂಕಿನಲ್ಲಿ ಇದಕ್ಕೆ ಉದಾಹರಣೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ತೆಲುಗಿನಲ್ಲಿ 'ಎಕ್ಕಡ' ಎಂದರೆ 'ಎಲ್ಲಿ' ಎಂದು ಅರ್ಥ, ಕನ್ನಡದಲ್ಲಿ ಎಕ್ಕಡ ಎಂದರೆ ಕಾಲಿಗೆ ಮೆಟ್ಟುವ ಚಪ್ಪಲಿ. ಆಂಧ್ರದ ಕಡೆಯಿಂದ ಬಂದ ಬೀಗರು ಹೊಸ್ತಿಲಲ್ಲಿ ನಿಂತು ಮನೆಯ ಯಜಮಾನರನ್ನು ಹುಡುಕುತ್ತ 'ಎಕ್ಕಡ, ಎಕ್ಕಡ' ಎಂದು ಕೇಳಿದರೆ, ತೆಲುಗು ತಿಳಿಯದ ಅಜ್ಜಿ 'ಅಲ್ಲೇ ಬಾಗಿಲ ಮುಂದ ಬಿಡ್ರಿ' ಎನ್ನುತ್ತಾಳೆ. ಇದಕ್ಕೆ ನಗಬೇಕಾದರೆ ಎರಡೂ ಭಾಷೆಗಳು ಕಿವಿಯಲ್ಲಿ ಮೊದಲೇ ಇರಬೇಕು. ತೆಲುಗಿನ ಗಂಧವಿಲ್ಲದ ಕಾರವಾರದವರಿಗೆ ಬಿಡಿಸಿ ಹೇಳಿದರೆ ಅರ್ಥವಾಗುತ್ತದೆ, ಆದರೆ ನಗು ಬರುವುದಿಲ್ಲ, ಏಕೆಂದರೆ ಒಮ್ಮೆಗೇ ಹೊಳೆಯಬೇಕಾಗಿದ್ದ ಎರಡು ಅರ್ಥಗಳು ಅವರಿಗೆ ಒಂದರ ಹಿಂದೆ ಒಂದು ಬರುತ್ತವೆ. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು. ರಾಯಚೂರು, ಕೊಪ್ಪಳಗಳು 1956ರವರೆಗೆ ಹೈದರಾಬಾದಿನಲ್ಲಿದ್ದವು. ಆದ್ದರಿಂದ ನಮ್ಮ ಜಿಲ್ಲೆಗಳಲ್ಲಿ ಶ್ಲೇಷೆಗೆ ಒದಗುವ ಸರಕೂ ಒಂದೇ ಬಗೆಯದಲ್ಲ. ಒಂದು ಕಡೆ ತೆಲುಗು ಹೆಚ್ಚು ಬೆರೆತಿದ್ದರೆ ಇನ್ನೊಂದು ಕಡೆ ಉರ್ದು ಬೆರೆತಿದೆ, ಚೇಷ್ಟೆಗೆ ನಾವು 'ಮಸ್ಕಿರಿ' ಎನ್ನುವುದು ಸಹ ಉರ್ದುವಿನ ಕೊಡುಗೆ. ಆಗ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀಚಿಯವರು ತಮ್ಮ ಆತ್ಮಕಥೆಗೆ 'ನನ್ನ ಭಯಾಗ್ರಫಿ' ಎಂದು ಹೆಸರಿಟ್ಟಾಗ, ಇಂಗ್ಲಿಷಿನ ಬಯಾಗ್ರಫಿಯೂ ಕನ್ನಡದ ಭಯವೂ ಓದುಗನಿಗೆ ಒಟ್ಟಿಗೆ ಕೇಳಿಸುತ್ತವೆ ಎಂಬುದನ್ನೇ ನೆಚ್ಚಿದ್ದರು.

ಇನ್ನು ನಿಮ್ಮ ಮನೆಯ ವಿಷಯ. ಬಯಲಾಟದಲ್ಲಿ ಕಿರೀಟ, ಭುಜಕೀರ್ತಿಗಳನ್ನು ಧರಿಸಿದ ರಾಜನು ಸಂಸ್ಕೃತಭರಿತವಾದ ಭಾರಿ ಮಾತುಗಳಲ್ಲಿ ತನ್ನ ಪ್ರತಾಪವನ್ನು ಹೇಳಿಕೊಳ್ಳುವಾಗ, ಪಕ್ಕದಲ್ಲಿ ನಿಂತ ಸಾರಥಿ ಊರ ಆಡುಮಾತಿನಲ್ಲಿ ಒಂದೇ ಪ್ರಶ್ನೆ ಕೇಳಿ ಆ ಎತ್ತರವನ್ನು ನೆಲಕ್ಕಿಳಿಸುತ್ತಾನೆ. ನಿಮ್ಮ ತಂದೆಯವರು ಆ ಎತ್ತರವನ್ನು ರಾತ್ರಿಯಿಡೀ ಕುಳಿತು ಕಂಡವರು, ಆದ್ದರಿಂದ ಇಳಿತವೂ ಅವರಿಗೆ ಕಾಣುತ್ತದೆ. ನಿಮ್ಮ ಮಗನು ನೋಡುವ ರೀಲ್ಸ್‌ನಲ್ಲಿಯೂ ನಡೆಯುವುದು ಇದೇ. ನೂರು ಸಲ ಕೇಳಿದ ಹಾಡಿನ ತುಣುಕೊಂದು ನೂರೊಂದನೆಯ ಸಲ ಬೇರೊಂದು ದೃಶ್ಯದ ಮೇಲೆ ಕುಳಿತಿರುತ್ತದೆ, ಆ ನೂರು ಸಲ ನಿಮಗೆ ಆಗಿಲ್ಲ. ತಂದೆಯವರಿಗೆ ಸಾರಥಿಯ ಮಾತಿಗಿಂತ ಮೊದಲು ರಾಜನ ಮಾತನ್ನು ಮೊಮ್ಮಗನಿಗೆ ಹೇಳಿ ತೋರಿಸಲು ಕೇಳಿಕೊಳ್ಳಿರಿ. ಹುಡುಗನು ನಗುವ ಸಂಭವ ಹೆಚ್ಚು.

ನಾನು ರಾಯಚೂರಿನವನು, ಆರು ವರ್ಷದಿಂದ ಬೆಂಗಳೂರಿನ ಕಚೇರಿಯೊಂದರಲ್ಲಿದ್ದೇನೆ. 'ಫೋನ್ ಹಚ್ಚತೀನಿ' ಎಂದರೆ ಜೊತೆಯವರು 'ಬೆಂಕಿಪೊಟ್ಟಣ ಕೊಡ್ಲಾ' ಎಂದು ನಗುತ್ತಾರೆ. ಮೊದಮೊದಲು ನಾನೂ ನಗುತ್ತಿದ್ದೆ, ಈಗ ಬಾಯಿ ತೆರೆಯಲು ಮನಸ್ಸಾಗುವುದಿಲ್ಲ. ಅದೇ ಜನ ಗಂಗಾವತಿ ಪ್ರಾಣೇಶ್ ಅವರು ನಮ್ಮ ಭಾಷೆಯಲ್ಲಿ ಮಾತನಾಡಿದರೆ ಚಪ್ಪಾಳೆ ತಟ್ಟುತ್ತಾರೆ. ವ್ಯತ್ಯಾಸವೇನು?

ನಿಮ್ಮ ಪತ್ರವನ್ನು ಎರಡು ಸಲ ಓದಿದೆ, ಏಕೆಂದರೆ ಇದು ನನ್ನ ಅನುಭವವೂ ಹೌದು. ಓದಲು ದಕ್ಷಿಣದ ಊರೊಂದಕ್ಕೆ ಹೋಗಿದ್ದಾಗ ವಿದ್ಯಾರ್ಥಿನಿಲಯದ ಊಟದ ಸಾಲಿನಲ್ಲಿ 'ಪಲ್ಯ ನೀಡ್ರಿ' ಎಂದು ಕೇಳಿದೆ. ಇಡೀ ಸಾಲು 'ದಾನ ನೀಡ್ರಿ' ಎಂದು ನಕ್ಕಿತು. ಆ ವರ್ಷವೆಲ್ಲ ನಾನು ತಟ್ಟೆಯನ್ನು ಮಾತಿಲ್ಲದೆ ಮುಂದೆ ಚಾಚುತ್ತಿದ್ದೆ.

ನಿಮ್ಮ ಕಚೇರಿಯಲ್ಲಿ ಮೊದಲ ದಿನ ಬಂದ ನಗು ನಿರ್ಮಲವಾದದ್ದು ಎಂದೇ ನಾನು ನಂಬುತ್ತೇನೆ. ನಮ್ಮಲ್ಲಿ ಫೋನನ್ನೂ ಹಚ್ಚುತ್ತೇವೆ, ಗಾಡಿಯನ್ನು ಗೋಡೆಯ ಮಗ್ಗುಲಿಗೂ ಹಚ್ಚುತ್ತೇವೆ, ಮಗುವನ್ನು ಶಾಲೆಗೂ ಹಚ್ಚುತ್ತೇವೆ. ಅವರ ಕಿವಿಗೆ ಹಚ್ಚುವುದೆಂದರೆ ಮೊದಲು ದೀಪ ಅಥವಾ ಬೆಂಕಿ. ಎರಡು ಅರ್ಥಗಳು ಡಿಕ್ಕಿ ಹೊಡೆದವು, ಎಲ್ಲರೂ ನಕ್ಕರು, ನೀವೂ ನಕ್ಕಿರಿ. ಆದರೆ ಆರು ವರ್ಷದ ಅನಂತರವೂ ಅದೇ ಪದಕ್ಕೆ ನಗುತ್ತಿದ್ದಾರೆಂದರೆ ಅಲ್ಲಿ ಡಿಕ್ಕಿ ಹೊಡೆಯುವುದಕ್ಕೆ ಏನೂ ಉಳಿದಿಲ್ಲ, ಏಕೆಂದರೆ ಆ ಪದದ ಅರ್ಥ ಈಗ ಎಲ್ಲರಿಗೂ ಗೊತ್ತು. ಹೊರಗಿನಿಂದ ನೋಡಿದರೆ ನಗು ಅದೇ ಆಗಿ ಕಂಡರೂ ಅದರ ಜಾತಿ ಬದಲಾಗಿದೆ. ಇಂಗ್ಲೆಂಡಿನ ಥಾಮಸ್ ಹಾಬ್ಸ್ 1651ರಲ್ಲಿ ಗುರುತಿಸಿದ್ದು ಈ ಎರಡನೆಯ ಬಗೆಯ ನಗೆಯನ್ನು. ಇನ್ನೊಬ್ಬರಲ್ಲಿ ಕೊರತೆಯೊಂದನ್ನು ಕಂಡು, ನಮ್ಮನ್ನು ಅದರೊಂದಿಗೆ ತೂಗಿ, ನಾವು ಮೇಲಿದ್ದೇವೆಂದು ತಟ್ಟನೆ ಅನ್ನಿಸಿದಾಗ ಉಕ್ಕುವ ಹೆಮ್ಮೆಯೇ ನಗೆ ಎಂದು ಆತ ಹೇಳಿದ. ಎಲ್ಲ ನಗೆಗೂ ಇದು ಅನ್ವಯಿಸುವುದಿಲ್ಲ, ಆದರೆ ನಿಮ್ಮ ಕಚೇರಿಯ ನಗೆಗೆ ಅನ್ವಯಿಸುತ್ತದೆ.

ಇದಕ್ಕೆ ಇನ್ನೊಂದು ಮಾತನ್ನು ಸೇರಿಸಬೇಕು. ಅಮೆರಿಕದ ಸಂಶೋಧಕ ರಾಬರ್ಟ್ ಪ್ರೊವೈನ್ ಅವರು ಜನರ ನಡುವೆ ಸಹಜವಾಗಿ ನಡೆಯುವ ಸುಮಾರು 1,200 ನಗೆಯ ಪ್ರಸಂಗಗಳನ್ನು ಗಮನಿಸಿದಾಗ, ಅವುಗಳಲ್ಲಿ ಹಾಸ್ಯವೆಂದು ಕರೆಯಬಹುದಾದ ಮಾತಿನ ಹಿಂದೆ ಬಂದ ನಗು ನೂರಕ್ಕೆ ಇಪ್ಪತ್ತನ್ನೂ ದಾಟಲಿಲ್ಲ. ಮನುಷ್ಯ ಒಬ್ಬನೇ ಇರುವಾಗ ನಗುವುದಕ್ಕಿಂತ ಜೊತೆಯಲ್ಲಿರುವಾಗ ಸುಮಾರು 30 ಪಟ್ಟು ಹೆಚ್ಚು ನಗುತ್ತಾನೆ ಎಂಬುದನ್ನೂ ಅವರು ತೋರಿಸಿದರು. ಎಂದರೆ ನಗು ಬಹುಮಟ್ಟಿಗೆ 'ನಾವು ಒಂದು' ಎಂದು ಪರಸ್ಪರ ಹೇಳಿಕೊಳ್ಳುವ ರೀತಿ. ಒಂದು ಎನ್ನುವ ಗೆರೆಯನ್ನು ಎಳೆದಾಗ ಯಾರಾದರೊಬ್ಬರು ಅದರ ಹೊರಗೆ ಉಳಿಯಬಹುದು. ನಿಮಗೆ ನೋವಾದದ್ದು ಪದಕ್ಕಾಗಿ ಅಲ್ಲ, ಆ ಗೆರೆಗಾಗಿ.

ವೇದಿಕೆಯ ಮಾತು ಬೇರೆಯಾಗುವುದು ಇಲ್ಲಿಯೇ. ಚುಚ್ಚುವ ಹಾಸ್ಯದಲ್ಲಿ ಮೂವರಿರುತ್ತಾರೆ ಎಂದು ಸಿಗ್ಮಂಡ್ ಫ್ರಾಯ್ಡ್ 1905ರಲ್ಲಿ ಬರೆದ. ಹೇಳುವವನು ಒಬ್ಬ, ಗುರಿಯಾದವನು ಇನ್ನೊಬ್ಬ, ಕೇಳಿ ನಗುವವನು ಮತ್ತೊಬ್ಬ. ನಮ್ಮ ಭಾಷೆಯ ಹಾಸ್ಯಗಾರ ವೇದಿಕೆಯ ಮೇಲೆ ನಿಂತಾಗ ಹೇಳುವವನ ಸ್ಥಾನ ಅವನದು. ಯಾವ ಪದವನ್ನು ಯಾವಾಗ ಬಿಡಬೇಕು, ಎಲ್ಲಿ ನಿಲ್ಲಿಸಬೇಕು, ಯಾರನ್ನು ಗುರಿ ಮಾಡಬೇಕು ಎಂಬುದೆಲ್ಲ ಅವನ ಕೈಯಲ್ಲಿದೆ. ಅಲ್ಲಿ ಭಾಷೆ ಅವನ ಆಯುಧವೇ ಹೊರತು ಅವನ ದೌರ್ಬಲ್ಯವಲ್ಲ. ನಿಮ್ಮನ್ನು ಮಾತ್ರ ಪ್ರತಿಸಲವೂ ಗುರಿಯ ಸ್ಥಾನದಲ್ಲಿ ಕೂರಿಸಲಾಗಿದೆ. ಸಿನಿಮಾ, ಧಾರಾವಾಹಿಗಳು ನಮ್ಮ ಆಡುಮಾತನ್ನು ಆಳಿಗೆ, ಪೆದ್ದನಿಗೆ ಕೊಟ್ಟು, ನಾಯಕನಿಗೆ ಕೊಡಲು ಬಹುಕಾಲ ಹಿಂಜರಿದದ್ದೂ ಈ ಕೂರಿಸುವಿಕೆಯನ್ನು ಬಲಪಡಿಸಿದೆ ಎಂದು ನನ್ನ ಅಭಿಪ್ರಾಯ.

ನೋವಾದಾಗ ಜೊತೆಗೂಡಿ ನಗುವುದನ್ನು ನಿಲ್ಲಿಸಿರಿ. ಜಗಳ ಬೇಕಾಗಿಲ್ಲ. ನಿಮ್ಮ ನಗು ನಿಂತರೆ ಅವರ ನಗೆಗೆ ಸಿಗುತ್ತಿದ್ದ ಒಪ್ಪಿಗೆಯೂ ನಿಲ್ಲುತ್ತದೆ. ಗುಂಪಿನಲ್ಲಿ ಹೇಳುವ ಬದಲು, ಅವರಲ್ಲಿ ನಿಮಗೆ ಹತ್ತಿರದವರೊಬ್ಬರಿಗೆ ಚಹಾ ಕುಡಿಯುವಾಗ 'ಇದು ನನಗ ತ್ರಾಸ ಆಗ್ತದ' ಎಂದು ನಮ್ಮ ಮಾತಿನಲ್ಲಿಯೇ ಹೇಳಿರಿ. ಮುಖ್ಯವಾಗಿ ನನ್ನಂತೆ ತಟ್ಟೆ ಚಾಚಿ ಸುಮ್ಮನಾಗಬೇಡಿರಿ. 'ಫೋನ್ ಹಚ್ಚತೀನಿ' ಎನ್ನುವುದನ್ನು ಬಿಡಲೂಬೇಡಿರಿ.

ಶಿವಮೊಗ್ಗ ಕಡೆಯವಳಾದ ನಾನು ಮದುವೆಯಾಗಿ ಕುಷ್ಟಗಿಗೆ ಬಂದು ಒಂದು ವರ್ಷವಾಯಿತು. ಜೋಳದ ರೊಟ್ಟಿ ಬಡಿಯುವುದನ್ನು ಇಲ್ಲಿಯೇ ಕಲಿತೆ. ಮೈದುನನು ದಿನವೂ ರೊಟ್ಟಿಯನ್ನು ಎತ್ತಿ ಹಿಡಿದು 'ವೈನಿ, ಇವತ್ತ ಯಾವ ದೇಶದ ನಕಾಶಿ?' ಎನ್ನುತ್ತಾನೆ, ಅತ್ತೆ ಮಾವ ನಗುತ್ತಾರೆ. ಮದುವೆಯಲ್ಲಿ ಬೀಗರ ಹಾಡಿನಲ್ಲಿ ಇದಕ್ಕಿಂತ ಕಟುವಾಗಿ ಹಾಡಿದಾಗ ನನಗೆ ನಗು ಬಂದಿತ್ತು. ಈಗ ಅಳು ಬರುತ್ತದೆ. ತಪ್ಪು ನನ್ನದೆ?

ನಿಮ್ಮದು ತಪ್ಪಲ್ಲ, ತಂಗಿ. ಮೈದುನನಿಗೂ ಕೆಡುಕು ಮಾಡುವ ಮನಸ್ಸು ಇರಲಿಕ್ಕಿಲ್ಲ.

ಕೆಲವು ಸಂಬಂಧಗಳಲ್ಲಿ ಒಬ್ಬರು ಇನ್ನೊಬ್ಬರನ್ನು ಛೇಡಿಸುವುದಕ್ಕೆ ಸಮಾಜವೇ ಅನುಮತಿ ಕೊಟ್ಟಿರುತ್ತದೆ, ಛೇಡಿಸಿಕೊಂಡವರು ಕೋಪಿಸಿಕೊಳ್ಳಬಾರದೆಂಬ ಕಟ್ಟಳೆಯೂ ಜೊತೆಗಿರುತ್ತದೆ. ಮಾನವಶಾಸ್ತ್ರಜ್ಞ ರ್‍ಯಾಡ್‌ಕ್ಲಿಫ್ ಬ್ರೌನ್ 1940ರಲ್ಲಿ ಇಂತಹ ಚೇಷ್ಟೆಯ ಸಂಬಂಧಗಳ ಬಗ್ಗೆ ಬರೆದ ಲೇಖನ ಇಂದಿಗೂ ಈ ವಿಷಯದಲ್ಲಿ ಮೊದಲು ನೆನಪಾಗುವಂಥದು. ಮದುವೆಯಿಂದ ಹತ್ತಿರವಾದವರ ನಡುವೆ ಬಾಂಧವ್ಯವೂ ಇದೆ, ಬಿರುಕಿನ ಸಂಭವವೂ ಇದೆ, ಆ ಬಿಗಿಯನ್ನು ಚೇಷ್ಟೆ ಸಡಿಲಿಸುತ್ತದೆ ಎಂಬುದು ಅವರ ವಿವರಣೆ. ನಮ್ಮ ಅತ್ತಿಗೆ ಮೈದುನರ ಸಲುಗೆ ಹೀಗೆಯೇ ನಡೆದು ಬಂದದ್ದು.

ಆದರೆ ಬೀಗರ ಹಾಡನ್ನು ಗಮನಿಸಿರಿ. ಒಂದು ಕಡೆಯವರು ಹಾಡಿದರೆ ಇನ್ನೊಂದು ಕಡೆಯವರು ತಿರುಗಿ ಹಾಡುತ್ತಾರೆ. ಅದಕ್ಕೆ ಹೊತ್ತು ಗೊತ್ತಿದೆ, ಹಂದರ ಇಳಿದರೆ ಹಾಡೂ ಮುಗಿಯಿತು. ಒಡಪು ಹೇಳಿಸುವಾಗಲೂ ಅಷ್ಟೇ. ಗಂಡನ ಹೆಸರು ಹೇಳದೆ ಒಳಗೆ ಬಿಡುವುದಿಲ್ಲವೆಂದು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ, ನಾಚಿಕೆಯಾಗುತ್ತದೆ, ಆದರೆ ಪ್ರಾಸ ಕಟ್ಟಿ ಹೆಸರನ್ನು ಅದರೊಳಗೆ ಇಟ್ಟು ಎಲ್ಲರನ್ನೂ ಮೆಚ್ಚಿಸುವ ಮಾತು ಕೊನೆಗೆ ಮದುಮಗಳದೇ. ಈ ಎರಡರಲ್ಲಿಯೂ ನಿಮಗೊಂದು ಸರದಿ ಇತ್ತು. ಊಟದ ಹೊತ್ತಿನ ನಗೆಯಲ್ಲಿ ನಿಮ್ಮ ಸರದಿ ಬರುವುದೇ ಇಲ್ಲ. ಬೀಗರ ಹಾಡಿನಲ್ಲಿ ಹೇಳುವ ದೋಷಗಳು ಕಟ್ಟಿದವು ಎಂಬುದೂ ಎಲ್ಲರಿಗೂ ಗೊತ್ತು, ರೊಟ್ಟಿಯಾದರೋ ನೀವು ಒಲೆಯ ಮುಂದೆ ಬೆವರಿಳಿಸಿ ಕಲಿಯುತ್ತಿರುವ ನಿಜವಾದ ಕೆಲಸ. ಅಮೆರಿಕದ ಪೀಟರ್ ಮೆಕ್‌ಗ್ರಾ ಮತ್ತು ಕೇಲಬ್ ವಾರನ್ 2010ರಲ್ಲಿ ಮಂಡಿಸಿದ ವಿಚಾರ ಇಲ್ಲಿ ಬೆಳಕು ಕೊಡುತ್ತದೆ. ಏನೋ ಕಟ್ಟಳೆ ಮುರಿದಂತೆ ಕಾಣಬೇಕು, ಅದರಿಂದ ಯಾರಿಗೂ ಹಾನಿಯಿಲ್ಲ ಎಂಬುದೂ ಅದೇ ಗಳಿಗೆಯಲ್ಲಿ ಕಾಣಬೇಕು, ಎರಡೂ ಕೂಡಿದಾಗ ಮಾತ್ರ ನಗು ಬರುತ್ತದೆ ಎನ್ನುತ್ತಾರೆ ಅವರು. ಹುಟ್ಟಿದ ಮನೆಯಲ್ಲಿಯೇ ಕುಳಿತ ಮೈದುನನಿಗೆ ಹಾನಿಯಿಲ್ಲದಿರುವುದು ಕಾಣುತ್ತದೆ. ಹೊಸ ಮನೆಯಲ್ಲಿ ತನ್ನ ಸ್ಥಾನ ಯಾವುದೆಂದು ಇನ್ನೂ ಅರಸುತ್ತಿರುವ ನಿಮಗೆ ಅದು ಕಾಣುವುದಿಲ್ಲ. ಆದ್ದರಿಂದಲೇ 'ಚ್ಯಾಷ್ಟಿ ಮಾಡಿದೆ' ಎಂದು ಅವನು ಹೇಳಿದರೆ ಅದು ಸುಳ್ಳಲ್ಲ, ನಿಮಗೆ ಅಳು ಬಂದದ್ದೂ ಅತಿಯಲ್ಲ.

ಊಟದ ಹೊತ್ತಲ್ಲದ ಹೊತ್ತಿನಲ್ಲಿ ಮೈದುನನನ್ನು ಕರೆದು 'ರೊಟ್ಟಿ ಒಂದನ್ನ ಬಿಡು, ಬ್ಯಾರೆ ಏನರ ಅನ್ನು' ಎಂದು ನೇರವಾಗಿ ಹೇಳಿರಿ. ಸಲುಗೆಯನ್ನು ಉಳಿಸಿ ವಿಷಯವನ್ನು ಬದಲಿಸಲು ಕೇಳಿದರೆ ಒಪ್ಪುವವರೇ ಹೆಚ್ಚು. ಈ ಪತ್ರಿಕೆಯನ್ನು ನಿಮ್ಮ ಅತ್ತೆಯವರು ಓದುವುದಾದರೆ ಅವರಿಗೂ ನನ್ನ ವಿನಂತಿಯಿದೆ: ಮನೆಯ ಹಿರಿಯರು ನಗದಿದ್ದರೆ ಆ ಮಾತು ಎರಡು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಅಂದಹಾಗೆ, ಜೋಳದ ಹಿಟ್ಟಿನಲ್ಲಿ ಗೋಧಿಯ ಅಂಟಿಲ್ಲ. ಕುದಿಯುವ ನೀರು ಹಾಕಿ ಚೆನ್ನಾಗಿ ನಾದಿದರೂ ಕೈಗೆ ಹದ ಬರುವವರೆಗೆ ಅಂಚು ಒಡೆಯುವುದು ಎಲ್ಲರಿಗೂ ಆದದ್ದೇ.

ನಾನು ಎಂಟನೆಯ ತರಗತಿ. ಬೇರೆಯವರು ಕಚಗುಳಿಯಿಟ್ಟರೆ ನಗು ಬರುತ್ತದೆ, ನಾನೇ ಇಟ್ಟುಕೊಂಡರೆ ಏಕೆ ಬರುವುದಿಲ್ಲ? (ಮಾನ್ವಿಯಿಂದ)

ನಿನ್ನ ಕೈ ಎಲ್ಲಿ ಮುಟ್ಟಲಿದೆ ಎಂಬುದನ್ನು ನಿನ್ನ ಕಿರುಮೆದುಳು ಮೊದಲೇ ಊಹಿಸಿ, ಆ ಸ್ಪರ್ಶದ ತೀವ್ರತೆಯನ್ನು ತಗ್ಗಿಸಿಬಿಡುತ್ತದೆ. ಸಾರಾ ಜೇನ್ ಬ್ಲೇಕ್‌ಮೋರ್ ಮತ್ತು ಸಂಗಡಿಗರು ಲಂಡನ್ನಿನಲ್ಲಿ ಮೆದುಳಿನ ಚಿತ್ರಗಳನ್ನು ತೆಗೆದು 1998ರಲ್ಲಿ ಇದನ್ನು ತೋರಿಸಿದರು. ಬೇರೆಯವರ ಕೈಯನ್ನು ಹಾಗೆ ಊಹಿಸಲಾಗುವುದಿಲ್ಲ. ಆದರೆ ಅಪರಿಚಿತರು ಕಚಗುಳಿಯಿಟ್ಟರೆ ಮಗು ನಗುವುದಿಲ್ಲ, ಹೆದರಿ ಕಿರುಚುತ್ತದೆ ಎಂದು ಡಾರ್ವಿನ್ 1872ರಷ್ಟು ಹಿಂದೆಯೇ ಬರೆದಿದ್ದ. ಬೆರಳು ಅನಿರೀಕ್ಷಿತವಾಗಿರಬೇಕು, ಆದರೆ ಅದು ನಮ್ಮವರದಾಗಿರಬೇಕು.

'ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ' ಎಂದು ನಮ್ಮ ಬಗ್ಗೆ ನಾವೇ ಹೇಳಿಕೊಂಡು ನಗುತ್ತೇವೆ. ನನ್ನ ಗೆಳೆಯನೊಬ್ಬ ಮಾತ್ರ ತನ್ನ ಮೈಬಣ್ಣವನ್ನು, ದಪ್ಪವನ್ನು ತಾನೇ ಹಳಿದುಕೊಂಡು ಎಲ್ಲರನ್ನೂ ನಗಿಸುತ್ತಾನೆ. ಎರಡೂ ಒಂದೇ ಅಲ್ಲವೆ? (ಬಳ್ಳಾರಿಯಿಂದ)

ಒಂದೇ ಅಲ್ಲ. ಕೆನಡಾದ ರಾಡ್ ಮಾರ್ಟಿನ್ ಮತ್ತು ಸಂಗಡಿಗರು 2003ರಲ್ಲಿ ಹಾಸ್ಯದ ಬಳಕೆಯನ್ನು ನಾಲ್ಕಾಗಿ ವಿಂಗಡಿಸಿದರು. ಜನರನ್ನು ಬೆಸೆಯುವುದು, ಕಷ್ಟದಲ್ಲಿ ತನ್ನ ಮನಸ್ಸನ್ನು ತಾನೇ ಎತ್ತಿ ಹಿಡಿಯುವುದು, ಇತರರನ್ನು ಕುಗ್ಗಿಸುವುದು ಮತ್ತು ತನ್ನನ್ನು ತಾನೇ ಕುಗ್ಗಿಸಿಕೊಳ್ಳುವುದು. ಬಿಸಿಲಿನ ಚಟಾಕಿ ಮೊದಲೆರಡಕ್ಕೆ ಸೇರಿದ್ದು. ಏಪ್ರಿಲ್ ತಿಂಗಳ ಮಧ್ಯಾಹ್ನ ಮಿರ್ಚಿ ಒಗ್ಗರಣೆಯ ಅಂಗಡಿಯಲ್ಲಿ, ನರಕಕ್ಕೆ ಹೋದ ಬಳ್ಳಾರಿಯವನು ಚಳಿಯೆಂದು ಕಂಬಳಿ ಕೇಳಿದನಂತೆ ಎಂದು ಯಾರೋ ಹೇಳಿದರೆ, ಹೇಳಿದವನೂ ಕೇಳಿದವನೂ ಗುರಿಯಾದವನೂ ಒಬ್ಬನೇ ಆಗಿರುತ್ತಾನೆ. ನಕ್ಕ ಮೇಲೆ ಬಿಸಿಲು ಅಷ್ಟೇ ಇದ್ದರೂ ಯಾರೂ ಸಣ್ಣವರಾಗಿರುವುದಿಲ್ಲ. ನಿಮ್ಮ ಗೆಳೆಯನ ಹಾಸ್ಯದಲ್ಲಿ ಎಲ್ಲರೂ ನಗುತ್ತಾರೆ, ಬೆಲೆಯನ್ನು ಅವನೊಬ್ಬನೇ ತೆರುತ್ತಾನೆ. ಹೀಗೆ ತನ್ನನ್ನೇ ಕುಗ್ಗಿಸಿಕೊಳ್ಳುವ ಹಾಸ್ಯವು ಖಿನ್ನತೆ, ಆತಂಕಗಳ ಜೊತೆ ಕಾಣಿಸಿಕೊಳ್ಳುತ್ತದೆ ಎಂಬುದೂ ಆ ಅಧ್ಯಯನದಲ್ಲಿ ಕಂಡುಬಂದಿದೆ. ಮುಂದಿನ ಸಲ ಅವನು ಹಾಗೆ ಹೇಳಿದಾಗ ನಗದೆ, ಬೇರೆ ಮಾತು ತೆಗೆಯಿರಿ. ಅವನೊಬ್ಬನೇ ಸಿಕ್ಕಾಗ ಹೇಗಿದ್ದೀಯೆಂದು ಕೇಳಿರಿ.

ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದ ಮೇಲೆ ನಮ್ಮ ಶಾಲೆಯಲ್ಲಿಯೂ ತೊಗಲುಗೊಂಬೆ ಆಟ ಆಡಿಸಬೇಕೆಂದಿದ್ದೇವೆ. ಸಮಯ ಕಡಿಮೆಯಿರುವುದರಿಂದ ರಾಮಾಯಣದ ಕಥೆಯನ್ನು ಉಳಿಸಿಕೊಂಡು ನಗಿಸುವ ಗೊಂಬೆಗಳಾದ ಕಿಳ್ಳೇಕ್ಯಾತ, ಬಂಗಾರಕ್ಕನ ಹಾಸ್ಯವನ್ನು ಬಿಡಿಸೋಣ ಎನ್ನುತ್ತಾರೆ ಕೆಲವು ಶಿಕ್ಷಕರು. ಸೀತೆಯ ದುಃಖದ ನಡುವೆ ಆ ನಗೆ ಅಗತ್ಯವೆ? (ಕೊಪ್ಪಳದ ಶಿಕ್ಷಕಿ)

ಅಗತ್ಯವೇ ಹೌದು. ದುಃಖ, ಭಯಗಳಿಂದ ದೇಹದಲ್ಲಿ ಕೂಡಿಕೊಂಡ ಬಿಗಿಯು ಹೊರಹೋಗುವ ದಾರಿಯೇ ನಗೆ ಎಂದು ಹರ್ಬರ್ಟ್ ಸ್ಪೆನ್ಸರ್ 1860ರಲ್ಲಿ ವಾದಿಸಿದ. ರಾತ್ರಿಯಿಡೀ ನಡೆಯುವ ಆಟವನ್ನು ಕಟ್ಟಿದ ನಮ್ಮ ಕಲಾವಿದರಿಗೆ ಇದು ಪ್ರಯೋಗದಿಂದಲೇ ತಿಳಿದಿತ್ತು. ಒಂದೇ ಸಮನೆ ಅಳಿಸಿದರೆ ಅಳು ಬತ್ತುತ್ತದೆ, ನಡುವೆ ನಗಿಸಿದರೆ ಮುಂದಿನ ದುಃಖಕ್ಕೆ ಮನಸ್ಸು ಮತ್ತೆ ತೆರೆದುಕೊಳ್ಳುತ್ತದೆ.

ನಿಮ್ಮ ಶಿಕ್ಷಕ ಮಿತ್ರರ ಹಿಂಜರಿಕೆಯ ಬೇರು ಬೇರೆಡೆ ಇರಬಹುದೆಂದು ನನಗನ್ನಿಸುತ್ತದೆ. ಭರತನ ನಾಟ್ಯಶಾಸ್ತ್ರವು ನಗೆಯನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರಾಗಿ ವಿಂಗಡಿಸಿ, ಹಲ್ಲು ಕಾಣದ ಮುಗುಳ್ನಗೆಯನ್ನು ಉತ್ತಮರಿಗೂ, ಕಣ್ಣಲ್ಲಿ ನೀರು ಬರುವಂತೆ ಪಕ್ಕೆ ಹಿಡಿದುಕೊಂಡು ನಗುವುದನ್ನು ಅಧಮರಿಗೂ ಕೊಟ್ಟಿದೆ. ನಟನಿಗೆ ಅಭಿನಯ ಕಲಿಸುವ ದೃಷ್ಟಿಯಿಂದ ಅದು ಅಪೂರ್ವವಾದ ಗ್ರಹಿಕೆ. ಆದರೆ ಪಕ್ಕೆ ಹಿಡಿದು ನಗುವವರು ಕೀಳೆಂಬ ಮಾತನ್ನು ನಾನು ಒಪ್ಪಲಾರೆ. ಹಗಲೆಲ್ಲ ಹೊಲದಲ್ಲಿ ದುಡಿದು ಬಂದು ಚಾಪೆ ಹಾಸಿಕೊಂಡು ಕುಳಿತವರ ನಗೆ ಅದು. ಕಿಳ್ಳೇಕ್ಯಾತ ಆಡುವುದೂ ಅವರ ಮಾತನ್ನೇ.

ಸಂಸ್ಕೃತ ನಾಟಕಗಳಲ್ಲಿ ರಾಜನು ಸಂಸ್ಕೃತದಲ್ಲಿ ಮಾತನಾಡಿದರೆ ವಿದೂಷಕನು ಪ್ರಾಕೃತದಲ್ಲಿ ಮಾತನಾಡುತ್ತಾನೆ, ಬಯಲಾಟದ ಸಾರಥ್ಯವೂ ಅದೇ ಬಗೆಯದು. ರಾಜನ ಮುಂದೆ ಬೇರೆ ಯಾರೂ ಆಡಲಾಗದ ಮಾತನ್ನು ಆಡುವ ಅಧಿಕಾರವನ್ನು ನಮ್ಮ ರಂಗಪರಂಪರೆ ಕೊಟ್ಟಿರುವುದು ಆಡುಮಾತಿನ ಪಾತ್ರಕ್ಕೆ. ಮೇಲೆ ಪತ್ರ ಬರೆದ ರಾಯಚೂರಿನ ಓದುಗರಂತೆ ನಾಳೆ ನಿಮ್ಮ ವಿದ್ಯಾರ್ಥಿಗಳೂ ಬೆಂಗಳೂರಿಗೆ ಹೋಗುವವರೇ. ತಮ್ಮ ಮನೆಯ ಮಾತು ರಾಮಾಯಣದ ಪರದೆಯ ಮೇಲೆ ಹೇಳುವವನ ಸ್ಥಾನದಲ್ಲಿ ನಿಂತು ಎಲ್ಲರನ್ನೂ ನಗಿಸುವುದನ್ನು ಅವರು ಶಾಲೆಯಲ್ಲಿ ಒಮ್ಮೆಯಾದರೂ ಕಾಣಲಿ. ಸಮಯ ಸಾಲದಿದ್ದರೆ ಅತಿಥಿಗಳ ಭಾಷಣವನ್ನು ಕಡಿಮೆ ಮಾಡಿರಿ, ಕಥೆಯ ಒಂದು ಪ್ರಸಂಗವನ್ನು ಬೇಕಾದರೆ ಬಿಡಿರಿ. ಕಿಳ್ಳೇಕ್ಯಾತ, ಬಂಗಾರಕ್ಕನಿಗೆ ಎಷ್ಟು ಹೊತ್ತು ಬೇಕೆಂಬುದನ್ನು ಮಾತ್ರ ಗೊಂಬೆ ಆಡಿಸುವವರನ್ನೇ ಕೇಳಿ ನಿರ್ಧರಿಸಿರಿ.